ಹಗುರ ಕ್ಯಾಮರಾ ಹಿಡಿದು ಹಂಪೆಗೆ

ಹೊಸಪೇಟೆಯಿಂದ ೧೩ ಕಿಲೋಮೀಟರು ದೂರದಲ್ಲಿರುವ ಹಂಪೆಗೆ ಎಷ್ಟು ಸಲ ಹೋಗಿ ಬಂದೆವೆಂಬ ಲೆಕ್ಕವನ್ನು ನಾವು ಇಟ್ಟವರಲ್ಲ. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಗುರುಗಳ ಹಿಂದೆ ಬುತ್ತಿಗಂಟು ಹೊತ್ತು ಹೋಗಿದ್ದೆವು. ಅಧ್ಯಾಪಕರಾದ ಮೇಲೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದೆವು. ಶಾಸನಗಳ ಬೆನ್ನುಹತ್ತಿ ಒಬ್ಬಂಟಿಯಾಗಿಯೂ ಅಲೆದೆವು. ಆದರೆ ಕಳೆದ ಚಳಿಗಾಲದ ಪ್ರವಾಸ ಇವೆಲ್ಲಕ್ಕಿಂತ ಭಿನ್ನವಾದುದು. ಈ ಸಲ ಹೆಗಲ ಮೇಲಿದ್ದ ಹೊರೆ ಅರ್ಧ ಕಿಲೋ ಮಾತ್ರ. ಆ ಅರ್ಧ ಕಿಲೋ ತೂಕದ ಸಾಧನವನ್ನು ನಾವು ಆರಿಸಿಕೊಂಡ ಬಗೆಯನ್ನೂ, ಅದು ನಮಗೆ ತೋರಿಸಿದ್ದನ್ನೂ ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ. ಕುಟುಂಬ ಸಮೇತರಾಗಿ ಊರು ನೋಡಲು ಹೊರಡುವವರಿಗೆ, ಅದರಲ್ಲೂ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವ ನಮ್ಮ ವಯಸ್ಸಿನವರಿಗೆ, ಇದರಿಂದ ಕಿಂಚಿತ್ ಪ್ರಯೋಜನವಾದರೆ ನಾವು ಧನ್ಯರು.

ಹಗುರವಾದ ಕ್ಯಾಮರಾ ಏಕೆ ಬೇಕಾಯಿತೆಂಬುದಕ್ಕೆ ಹಿಂದಿನ ಒಂದು ತಪ್ಪಿನ ಕಥೆ ಇದೆ. ಅದನ್ನು ಮೊದಲು ಹೇಳಬೇಕು.

೧೯೯೭ರಲ್ಲಿ ತುಂಗಭದ್ರೆಯ ದಂಡೆಯ ಒಂದು ಚಿಕ್ಕ ಗ್ರಾಮಕ್ಕೆ ಹೋಗಿದ್ದೆವು. ಆಗ ನಮ್ಮ ಬಳಿ ರೀಲು ಹಾಕುವ ದೊಡ್ಡ ಕ್ಯಾಮರಾ ಇದ್ದಿತು. ಅದರೊಡನೆ ಎರಡು ಮಸೂರಗಳು, ಫ್ಲ್ಯಾಶು, ಕಬ್ಬಿಣದ ಮುಕ್ಕಾಲಿ. ಚೀಲವನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿದಾಗ ಆರು ಕಿಲೋ ಮೀರಿತ್ತು. ಮೂರು ದಿನ ಅದನ್ನು ಹೊತ್ತು ತಿರುಗಿ ಹೆಗಲು ಬಾತುಹೋಗಿದ್ದರಿಂದ, ಆ ದಿನ ಚೀಲವನ್ನು ಹೊಸಪೇಟೆಯ ವಸತಿಗೃಹದಲ್ಲಿಯೇ ಬಿಟ್ಟು, ಕೈಯಲ್ಲೊಂದು ಟಿಪ್ಪಣಿ ಪುಸ್ತಕ ಹಿಡಿದು ಬಸ್ಸು ಹತ್ತಿದೆವು. ಊರ ಹೊರಗಿನ ಬೇವಿನ ಮರದ ಬುಡದಲ್ಲಿ ಒಂದು ವೀರಗಲ್ಲು ನಿಂತಿತ್ತು. ಮೂರು ಹಂತಗಳ ಶಿಲ್ಪ, ಹಂತಗಳ ನಡುವಿನ ಎರಡು ಪಟ್ಟಿಕೆಗಳಲ್ಲಿ ಬರಹ. ಸಂಜೆಯಾಗಿತ್ತು. ಬೆರಳಾಡಿಸುತ್ತ ಕೆಳಗಿನ ಪಟ್ಟಿಕೆಯಲ್ಲಿ ‘ತುಱುವಂ ಮಗುಳ್ಚಿ’ ಎಂಬಷ್ಟನ್ನು ಓದಿ ಬರೆದುಕೊಂಡೆವು. ಹಿಡಿದೊಯ್ದ ದನಗಳನ್ನು ಮರಳಿ ತಂದು ಪ್ರಾಣ ಕೊಟ್ಟ ಒಬ್ಬ ವೀರನ ಕಲ್ಲು ಅದೆಂಬುದು ಅಷ್ಟರಿಂದಲೇ ತಿಳಿಯಿತು. ಅವನ ಹೆಸರು ಉಳಿದ ಅಕ್ಷರಗಳಲ್ಲಿ ಇದ್ದಿರಬೇಕು. ಅಷ್ಟರಲ್ಲಿ ಕಡೆಯ ಬಸ್ಸು ಬಂದಿತು. ‘ಇನ್ನೊಮ್ಮೆ ಬೆಳಗಿನ ಬೆಳಕಿನಲ್ಲಿ ಬಂದು ಚಿತ್ರ ತೆಗೆದುಕೊಂಡರಾಯಿತು, ಕಲ್ಲು ಎಲ್ಲಿಗೆ ಹೋಗುತ್ತದೆ’ ಎಂದುಕೊಂಡು ಹೊರಟುಬಿಟ್ಟೆವು.

ಆ ‘ಇನ್ನೊಮ್ಮೆ’ ಬಂದುದು ೨೦೦೩ರಲ್ಲಿ. ಅಷ್ಟರೊಳಗೆ ಊರವರು ಮರದ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿದ್ದರು. ವೀರಗಲ್ಲಿನ ಕೆಳಭಾಗ, ಬರಹದ ಪಟ್ಟಿಕೆಯ ಸಮೇತ, ಕಟ್ಟೆಯೊಳಗೆ ಹೂತುಹೋಗಿತ್ತು. ಮೇಲ್ಭಾಗಕ್ಕೆ ದಪ್ಪನೆಯ ಎಣ್ಣೆಬಣ್ಣ ಬಳಿದಿದ್ದರು. ಆರು ಕಿಲೋ ಚೀಲ ಅಂದು ನಮ್ಮ ಹೆಗಲ ಮೇಲಿತ್ತು. ತೆಗೆಯಲು ಅಕ್ಷರಗಳೇ ಇರಲಿಲ್ಲ. ಹೊರಲಾರದ ಕ್ಯಾಮರಾ ಎಷ್ಟು ಉತ್ತಮವಾಗಿದ್ದರೂ ಅದು ಬೀರುವಿನಲ್ಲಿರುವ ಕ್ಯಾಮರಾವೇ ಸರಿ ಎಂಬ ಪಾಠವನ್ನು ನಾವು ಕಲಿತದ್ದು ಹೀಗೆ.

ಈಗ ನಮಗೆ ಅರವತ್ತು ದಾಟಿದೆ. ವೈದ್ಯರು ಹೆಗಲಿಗೆ ಭಾರ ಹಾಕಕೂಡದೆಂದು ಕಟ್ಟಪ್ಪಣೆ ಮಾಡಿದ್ದಾರೆ. ಪುಸ್ತಕಗಳ ಗೌರವಧನದಿಂದ ಕೂಡಿಸಿಟ್ಟ ಹಣದಲ್ಲಿ ೮೦ ಸಾವಿರ ರೂಪಾಯಿಯನ್ನು ಇದಕ್ಕೆಂದು ತೆಗೆದಿರಿಸಿದೆವು. ಒಂದು ಮಧ್ಯಮ ವರ್ಗದ ಮನೆಗೆ ಇದು ಸಣ್ಣ ಮೊತ್ತವೇನಲ್ಲ. ಆದರೆ ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತಾಗ ದೊಡ್ಡ ಮೊತ್ತವೂ ಅಲ್ಲ. ಕ್ಯಾಮರಾ, ಮಸೂರ, ಇನ್ನೊಂದು ಬ್ಯಾಟರಿ, ಚಿತ್ರ ತುಂಬುವ ಕಾರ್ಡು, ಪುಟ್ಟ ಚೀಲ, ಎಲ್ಲವೂ ಇದರೊಳಗೇ ಬರಬೇಕು. ಕ್ಯಾಮರಾ ಮಸೂರಗಳೆರಡೂ ಸೇರಿ ಅರ್ಧ ಕಿಲೋ ಆಸುಪಾಸಿನಲ್ಲಿರಬೇಕು. ಈ ಎರಡು ಗೆರೆಗಳನ್ನು ಎಳೆದುಕೊಂಡು, ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಹುಬ್ಬಳ್ಳಿಯ ಒಂದು ಅಂಗಡಿಗೆ ಹೋದೆವು.

ದಾರಿಯಲ್ಲಿಯೇ ಮೊಮ್ಮಗಳ ಪ್ರಶ್ನೆ: “ಅಜ್ಜಾ, ಕೈಯಾಗ ಫೋನ್ ಇರೂವಾಗ ಕ್ಯಾಮರಾ ಯಾಕ ಬೇಕ್ರಿ?”

ಪ್ರಶ್ನೆ ನ್ಯಾಯವಾದುದೇ. ಬಿಸಿಲಿನಲ್ಲಿ ನಿಂತ ಮನೆಮಂದಿಯ ಚಿತ್ರಕ್ಕೆ ಇಂದಿನ ಫೋನು ಸಾಕು. ಅಷ್ಟೇ ಬೇಕಾದವರು ಹಣ ಖರ್ಚು ಮಾಡಬೇಕಾದುದೇ ಇಲ್ಲ. ನಮ್ಮ ಕೆಲಸಕ್ಕೆ ಮಾತ್ರ ಎರಡು ತೊಡಕುಗಳಿದ್ದವು. ಮೊದಲನೆಯದಾಗಿ, ಫೋನಿನೊಳಗೆ ಬೆಳಕನ್ನು ಹಿಡಿಯುವ ಸಂವೇದಕ, ಎಂದರೆ ಸೆನ್ಸರು, ಬಹಳ ಕಿರಿದು. ಮಂಟಪದೊಳಗಿನ ಮಬ್ಬಿನಲ್ಲಿ ಅದಕ್ಕೆ ಸಿಗುವ ಬೆಳಕು ಅಲ್ಪ. ಆ ಕೊರತೆಯನ್ನು ಫೋನು ತನ್ನ ಲೆಕ್ಕಾಚಾರದಿಂದ ತುಂಬಿಕೊಳ್ಳುತ್ತದೆ: ಹಲವು ಚಿತ್ರಗಳನ್ನು ಕೂಡಿಸುತ್ತದೆ, ಮಸುಕಾದುದನ್ನು ನಯಗೊಳಿಸುತ್ತದೆ, ಅಂಚುಗಳನ್ನು ತೀಡುತ್ತದೆ. ಮುಖಕ್ಕೆ ಇದು ಅಲಂಕಾರ. ಸವೆದ ಶಾಸನಕ್ಕೆ ಅಪಾಯ. ಅಕ್ಷರದ ಕೊಂಬು ಕಲ್ಲಿನಲ್ಲಿದ್ದದ್ದೋ, ಯಂತ್ರ ತೀಡಿದ್ದೋ ಎಂಬ ಸಂಶಯ ಹುಟ್ಟಿದರೆ ಪಾಠ ನಿರ್ಣಯಿಸುವುದು ಹೇಗೆ? ತೀಡದ ಕಚ್ಚಾ ಚಿತ್ರವನ್ನು ಉಳಿಸುವ ಅನುಕೂಲ ಕೆಲವು ಫೋನುಗಳಲ್ಲಿ ಉಂಟಾದರೂ ಸಂವೇದಕದ ಅಳತೆ ಹಿಗ್ಗುವುದಿಲ್ಲ. ಎರಡನೆಯದಾಗಿ, ಹಂಪೆಯ ಮಧ್ಯಾಹ್ನದ ಬಿಸಿಲಿನಲ್ಲಿ ಫೋನಿನ ಪರದೆಯ ಮೇಲೆ ನಮ್ಮ ಮುಖ ಕಾಣುತ್ತದೆಯೇ ಹೊರತು ಎದುರಿನ ಕಲ್ಲು ಕಾಣುವುದಿಲ್ಲ.

ಅಂಗಡಿಯವರು ತಾಳ್ಮೆಯ ಮನುಷ್ಯರು. ಒಂದೊಂದನ್ನೇ ಹೊರತೆಗೆದು ನಮ್ಮ ಕೈಗೆ ಕೊಟ್ಟರು. ಓದುಗರ ತಿಳಿವಳಿಕೆಗಾಗಿ ಅವುಗಳ ಭೇದವನ್ನು ಇಲ್ಲಿ ಹೇಳುತ್ತೇವೆ. ಕ್ಯಾಮರಾದ ಬೆಲೆಯನ್ನೂ ತೂಕವನ್ನೂ ಬಹುಮಟ್ಟಿಗೆ ನಿರ್ಣಯಿಸುವುದು ಸಂವೇದಕದ ಅಳತೆ. ಹಳೆಯ ರೀಲಿನ ಒಂದು ಚೌಕಟ್ಟಿನಷ್ಟೇ ದೊಡ್ಡದಾದ ಸಂವೇದಕ ೩೬ ಮಿಲಿಮೀಟರಿಗೆ ೨೪ ಮಿಲಿಮೀಟರು. ಇದಕ್ಕೆ ‘ಫುಲ್ ಫ್ರೇಮ್’ ಎನ್ನುತ್ತಾರೆ. ಅದಕ್ಕಿಂತ ಕಿರಿದಾದುದು ‘ಎಪಿಎಸ್-ಸಿ’ ಎಂಬುದು, ಸುಮಾರು ೨೩ಕ್ಕೆ ೧೫. ಅದಕ್ಕಿಂತಲೂ ಕಿರಿದು ‘ಒಂದಿಂಚಿನದು’. ಹೆಸರು ಒಂದಿಂಚೆಂದಿದ್ದರೂ ನಿಜದ ಅಳತೆ ೧೩.೨ಕ್ಕೆ ೮.೮ ಮಿಲಿಮೀಟರು ಮಾತ್ರ. ಸಂವೇದಕ ದೊಡ್ಡದಾದಷ್ಟೂ ಅದರ ಮೇಲೆ ಬಿಂಬ ಮೂಡಿಸುವ ಮಸೂರವೂ ದೊಡ್ಡದಾಗಬೇಕು. ಮಸೂರ ದೊಡ್ಡದಾದರೆ ಗಾಜು ಹೆಚ್ಚು, ಗಾಜು ಹೆಚ್ಚಾದರೆ ತೂಕ ಹೆಚ್ಚು. ಫುಲ್ ಫ್ರೇಮ್ ಕ್ಯಾಮರಾಗಳು ನಮ್ಮ ಎರಡು ಗೆರೆಗಳನ್ನೂ ದಾಟಿ ನಿಂತುದರಿಂದ ಅವಕ್ಕೆ ದೂರದಿಂದಲೇ ಕೈಮುಗಿದೆವು.

ಒಂದಿಂಚಿನ ಸಂವೇದಕದ ಕಿಸೆಗ್ಯಾಮರಾಗಳು ನಮ್ಮ ಮನಸ್ಸನ್ನು ಬಹಳ ಹೊತ್ತು ಸೆಳೆದವು. ಸೋನಿಯವರು ೨೦೧೨ರಲ್ಲಿ ಆರಂಭಿಸಿದ ಆರ್‌ಎಕ್ಸ್ ೧೦೦ ಮಾಲಿಕೆಯವು ಸುಮಾರು ೩೦೦ ಗ್ರಾಮಿನೊಳಗೇ ಮಸೂರವನ್ನೂ ಅಡಗಿಸಿಕೊಂಡಿವೆ. ಜುಬ್ಬದ ಕಿಸೆಯಲ್ಲಿ ಕೂಡುತ್ತವೆ. ಆ ಮಾಲಿಕೆಯ ಮೂರನೆಯದಕ್ಕೆ ಕಣ್ಣಿಟ್ಟು ನೋಡುವ ಪುಟ್ಟ ವ್ಯೂಫೈಂಡರೂ ಇದೆ, ಮಬ್ಬಿನಲ್ಲಿ ಬೆಳಕನ್ನು ಧಾರಾಳವಾಗಿ ಒಳಬಿಡುವ ಮಸೂರವೂ ಇದೆ. ಮೊಮ್ಮಕ್ಕಳ ಹಿಂದೆ ಓಡಾಡುವ ತಾಯಂದಿರಿಗೆ ಇಂಥದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಆದರೆ ಅದರ ಗುಂಡಿಗಳು ನಮ್ಮ ದಪ್ಪ ಬೆರಳಿಗೆ ಎಟುಕಲಿಲ್ಲ; ಮಸೂರ ಬದಲಿಸುವಂತಿಲ್ಲ; ಹೊಸ ಮಾದರಿಗಳ ಬೆಲೆ ನಮ್ಮ ಗೆರೆಯ ಆಚೆಗಿತ್ತು.

ಉಳಿದುದು ಎಪಿಎಸ್-ಸಿ. ಇದರಲ್ಲಿ ಹಳೆಯ ಬಗೆ, ಹೊಸ ಬಗೆ ಎಂದು ಎರಡು. ಹಳೆಯ ಬಗೆಯಲ್ಲಿ ಮಸೂರದ ಹಿಂದೆ ಓರೆಯಾಗಿ ನಿಂತ ಒಂದು ಕನ್ನಡಿ ಇರುತ್ತದೆ; ಬೆಳಕನ್ನು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಮುಟ್ಟಿಸುವುದು ಅದರ ಕೆಲಸ. ಆ ಕನ್ನಡಿ ಏಳಲು ಬೀಳಲು ಸ್ಥಳ ಬೇಕಲ್ಲವೆ? ಕ್ಯಾನನ್ನಿನ ಹಳೆಯ ಬಗೆಯಲ್ಲಿ ಮಸೂರ ಕೂಡುವ ಬಳೆಗೂ ಸಂವೇದಕಕ್ಕೂ ನಡುವೆ ೪೪ ಮಿಲಿಮೀಟರು ಅಂತರವಿದ್ದರೆ, ಕನ್ನಡಿಯನ್ನು ಕಿತ್ತೆಸೆದ ಹೊಸ ಬಗೆಯಲ್ಲಿ ಅದು ೨೦ ಮಿಲಿಮೀಟರಿಗೆ ಇಳಿದಿದೆ. ಅಂಗಡಿಯವರು ‘ಮಿರರ್‌ಲೆಸ್’ ಎನ್ನುವುದು ಈ ಹೊಸ ಬಗೆಯನ್ನೇ. ಮಸೂರ ಬದಲಿಸಬಹುದಾದ ಇಂಥ ಕ್ಯಾಮರಾವನ್ನು ೨೦೦೮ರಲ್ಲಿ ಪ್ಯಾನಸೋನಿಕ್ ಸಂಸ್ಥೆ ಮಾರುಕಟ್ಟೆಗೆ ತಂದ ಮೇಲೆ ಉಳಿದವರೂ ಅದೇ ಹಾದಿ ಹಿಡಿದರು. ನಮ್ಮಂಥ ಹೆಗಲುನೋವಿನವರಿಗೆ ಇದೊಂದು ಉಪಕಾರವೇ ಆಯಿತು.

ಕಡೆಗೆ ಎರಡು ಕ್ಯಾಮರಾಗಳು ಎದುರುಬದುರಾದವು. ನಿಕಾನ್ ಜೆಡ್ ೩೦, ಬ್ಯಾಟರಿ ಕಾರ್ಡು ಸೇರಿ ೪೦೫ ಗ್ರಾಂ, ಅದರ ೧೬–೫೦ ಮಸೂರ ೧೩೫ ಗ್ರಾಂ. ಕ್ಯಾನನ್ ಆರ್ ೫೦, ೨೦೨೩ರಲ್ಲಿ ಬಂದದ್ದು, ಬ್ಯಾಟರಿ ಕಾರ್ಡು ಸೇರಿ ೩೭೫ ಗ್ರಾಂ, ಅದರ ೧೮–೪೫ ಮಸೂರ ೧೩೦ ಗ್ರಾಂ. ಮೊದಲನೆಯದರ ಮಸೂರ ಹೆಚ್ಚು ಅಗಲವಾದ ನೋಟವನ್ನು ಹಿಡಿಯುತ್ತದೆ. ಇಕ್ಕಟ್ಟಾದ ಗುಡಿಗಳೊಳಗೆ ಇದು ದೊಡ್ಡ ಗುಣ. ಎರಡನೆಯದರಲ್ಲಿ ವ್ಯೂಫೈಂಡರು ಇದೆ. ಮೊದಲನೆಯದರಲ್ಲಿ ಅದಿಲ್ಲ, ಹಿಂದಿನ ಪರದೆಯನ್ನೇ ನೋಡಬೇಕು. ಎರಡನ್ನೂ ಹಿಡಿದು ಅಂಗಡಿಯ ಹೊರಗೆ, ಹನ್ನೆರಡು ಗಂಟೆಯ ಬಿಸಿಲಿಗೆ ಬಂದು ನಿಂತೆವು. ನಮ್ಮ ಕಣ್ಣಿಗೆ ಪರದೆ ಮಂಕಾಯಿತು. ಕಣ್ಣಿಟ್ಟು ನೋಡಿದ ಕಿಂಡಿಯೊಳಗೆ ಬೀದಿಯೆಲ್ಲ ಸ್ಪಷ್ಟವಾಯಿತು. ಕ್ಯಾಮರಾವನ್ನು ಹಣೆಗೊತ್ತಿ ಹಿಡಿದಾಗ ನಡುಗುವ ಕೈಗೆ ಮೂರನೆಯ ಆಸರೆಯೂ ಸಿಕ್ಕಿತು. “ಅಜ್ಜಾರ, ನಿಮ್ಮ ಕೈಗೆ ಯಾವುದು ಹೊಂದತೈತೋ ಅದನ್ನ ತಗೋರಿ, ನಾ ಹೇಳಿದ್ದಲ್ಲ” ಎಂದರು ಅಂಗಡಿಯವರು. ಎರಡೂ ಸೇರಿ ೫೦೫ ಗ್ರಾಂ ತೂಗುವ ಕ್ಯಾನನ್ನನ್ನು ಆರಿಸಿಕೊಂಡೆವು. ಇನ್ನೊಂದು ಬ್ಯಾಟರಿ, ಕಾರ್ಡು, ಚೀಲಗಳ ಹಣ ಕೊಟ್ಟ ಮೇಲೆಯೂ ಹಂಪೆಯ ಪ್ರಯಾಣಕ್ಕೆ ಸಾಕಷ್ಟು ಉಳಿದಿತ್ತು.

ಗದಗ, ಕೊಪ್ಪಳಗಳನ್ನು ದಾಟಿ ಹೊಸಪೇಟೆಗೆ ರೈಲಿನಲ್ಲಿ ಹೋಗಿ, ಮರುದಿನ ನಸುಕಿನಲ್ಲಿಯೇ ವಿರೂಪಾಕ್ಷ ದೇವಾಲಯದ ಮುಂದೆ ಇಳಿದೆವು. ಚೀಟಿ ಪಡೆದು ಒಳಗೆ ಹೋದೆವು. ರಂಗಮಂಟಪದ ಮುಂದೆ ಕೃಷ್ಣದೇವರಾಯನ ಶಿಲಾಶಾಸನ ನಿಂತಿದೆ. ಪಟ್ಟಾಭಿಷೇಕದ ಸಂದರ್ಭದಲ್ಲಿ ಅವನು ಈ ರಂಗಮಂಟಪವನ್ನು ಕಟ್ಟಿಸಿದುದನ್ನು ಹೇಳುವ ೧೫೧೦ರ ಶಾಸನವಿದು. ಸೂರ್ಯ ನೆತ್ತಿಗೇರಿದಾಗ ಈ ಕಲ್ಲನ್ನು ನೋಡಿದರೆ ಬರಿಯ ಬೂದುಬಣ್ಣದ ಹಲಗೆ. ಬೆಳಗಿನ ಓರೆಬೆಳಕು ಒಂದು ಪಕ್ಕದಿಂದ ಸವರಿಕೊಂಡು ಹೋಗುವಾಗ ಪ್ರತಿಯೊಂದು ಅಕ್ಷರದ ಒಂದು ಅಂಚು ಬೆಳಗಿ, ಇನ್ನೊಂದು ಅಂಚು ಕಪ್ಪಾಗಿ ಬರಹವೆಲ್ಲ ಎದ್ದು ನಿಲ್ಲುತ್ತದೆ. ಹಿಂದೆ ನಾವು, ನಮ್ಮಂಥ ಅನೇಕರು, ಅಕ್ಷರ ಕಾಣಲೆಂದು ಸೀಮೆಸುಣ್ಣವನ್ನೋ ಹಿಟ್ಟನ್ನೋ ಉಜ್ಜುತ್ತಿದ್ದೆವು. ಅದು ಕಲ್ಲಿಗೆ ಮಾಡಿದ ಅಪಚಾರ. ಯಾರೂ ಅದನ್ನು ಮಾಡಕೂಡದು. ಬೆಳಕಿಗಾಗಿ ಕಾಯುವವನಿಗೆ ಸುಣ್ಣ ಬೇಕಾಗಿಲ್ಲ.

ಈ ದೇವಾಲಯದಲ್ಲಿ ಕ್ಯಾಮರಾ ಹಿಡಿದವರು ತಪ್ಪದೆ ನೋಡಬೇಕಾದ ಇನ್ನೊಂದು ವಿಶೇಷವಿದೆ. ಗರ್ಭಗುಡಿಯ ಹಿಂಭಾಗದ ಒಂದು ಕತ್ತಲ ಕೋಣೆಯ ಗೋಡೆಯ ಮೇಲೆ ಪೂರ್ವದ ಮಹಾಗೋಪುರ ತಲೆಕೆಳಗಾಗಿ ಮೂಡುತ್ತದೆ. ಎದುರಿನ ಸಣ್ಣ ಕಿಂಡಿಯೊಂದರಿಂದ ತೂರಿಬರುವ ಬೆಳಕು ಈ ಬಿಂಬವನ್ನು ರಚಿಸುತ್ತದೆ. ಬೆಳಕು ನೇರವಾಗಿ ಸಾಗುವುದರಿಂದ ಗೋಪುರದ ತುದಿಯ ಕಿರಣ ಕಿಂಡಿಯನ್ನು ದಾಟಿ ಗೋಡೆಯ ಕೆಳಭಾಗಕ್ಕೂ, ಬುಡದ ಕಿರಣ ಮೇಲ್ಭಾಗಕ್ಕೂ ತಗಲುತ್ತದೆ. ಮೊಮ್ಮಗಳು ಬೆರಗಾಗಿ ನಿಂತಳು. “ನಿನ್ನ ಫೋನಿನೊಳಗೂ, ನಮ್ಮ ಈ ಕ್ಯಾಮರಾದೊಳಗೂ ನಡೆಯುವುದು ಇದೇ. ಕಿಂಡಿಯ ಜಾಗದಲ್ಲಿ ಮಸೂರ, ಗೋಡೆಯ ಜಾಗದಲ್ಲಿ ಸಂವೇದಕ” ಎಂದೆವು. ಕಿಂಡಿ ಕಿರಿದಾದುದರಿಂದ ಬಿಂಬ ಮಂಕು. ಕಿಂಡಿ ಹಿರಿದಾದರೆ ಬಿಂಬ ಕದಡುತ್ತದೆ. ಬೆಳಕೂ ಬೇಕು, ಸ್ಪಷ್ಟತೆಯೂ ಬೇಕು ಎಂಬ ಆಸೆಯಿಂದಲೇ ಮನುಷ್ಯ ಮಸೂರವನ್ನು ತಂದು ಕೂಡಿಸಿದ. ಅಂಗಡಿಯಲ್ಲಿ ಒಂದು ಗಂಟೆ ಕೇಳಿದರೂ ಅವಳ ತಲೆಗೆ ಹತ್ತದ ವಿಷಯ ಇಲ್ಲಿ ಒಂದು ನಿಮಿಷದಲ್ಲಿ ತಿಳಿಯಿತು.

ಎರಡನೆಯ ದಿನ ವಿಠ್ಠಲ ದೇವಾಲಯ. ವಾಹನ ನಿಲ್ಲಿಸುವ ತಾಣದಿಂದ ಬ್ಯಾಟರಿ ಗಾಡಿಯಲ್ಲಿ ಹೋಗಬಹುದು. ನಾವು ನಡೆದೇ ಹೋದೆವು. ಹಿಂದೆ ಇದೇ ದಾರಿಯಲ್ಲಿ ನಾಲ್ಕು ಕಡೆ ಚೀಲ ಇಳಿಸಿ ಕೂತದ್ದು ನೆನಪಾಯಿತು. ಒಳಗೆ ಕಾಲಿಟ್ಟೊಡನೆ ಎದುರಾಗುವುದು ಕಲ್ಲಿನ ರಥ. ೨೦೧೭ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಇದರ ಚಿತ್ರವಿರುವುದರಿಂದ ಇದನ್ನು ನೋಡದವರೂ ಬಲ್ಲರು. ಹೆಸರು ರಥವಾದರೂ ಇದು ಗರುಡನ ಗುಡಿ. ಮುಂದಿರುವ ಎರಡು ಆನೆಗಳ ಹಿಂದೆ ಬಗ್ಗಿ ನೋಡಿದರೆ ಮೊದಲಿದ್ದ ಕುದುರೆಗಳ ಕಾಲುಗಳ ಗುರುತು ಇಂದಿಗೂ ಕಾಣುತ್ತದೆ. ಕುದುರೆಗಳು ಹೋಗಿ ಆನೆಗಳು ಬಂದಿವೆ.

ಇದಕ್ಕಿಂತ ದೊಡ್ಡದೊಂದು ಈ ರಥದ ಮೇಲಿನಿಂದ ಕಾಣೆಯಾಗಿದೆ. ಅದು ನಮಗೆ ತಿಳಿದಿರುವುದು ಒಂದು ಕ್ಯಾಮರಾದ ದೆಸೆಯಿಂದ. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ ಹಂಪೆಯ ಛಾಯಾಚಿತ್ರಗಳನ್ನು ತೆಗೆದ. ಛಾಯಾಗ್ರಹಣವೆಂಬ ವಿದ್ಯೆ ಲೋಕಕ್ಕೆ ಪ್ರಕಟವಾದುದೇ ೧೮೩೯ರಲ್ಲಿ ಎಂಬುದನ್ನು ನೆನೆದರೆ ಈ ಸಾಹಸದ ಬೆಲೆ ತಿಳಿಯುತ್ತದೆ. ಮೇಣ ಹಚ್ಚಿದ ಕಾಗದವೇ ಅವನ ನೆಗೆಟಿವು. ಅಳತೆ ಸುಮಾರು ೧೬ ಅಂಗುಲಕ್ಕೆ ೧೮ ಅಂಗುಲ. ಅಷ್ಟು ದೊಡ್ಡ ಕಾಗದ ಹಿಡಿಯಬೇಕಾದರೆ ಕ್ಯಾಮರಾ ಒಂದು ಪೆಟ್ಟಿಗೆಯಷ್ಟಾದರೂ ಇರಬೇಕು. ಅದರೊಡನೆ ರಾಸಾಯನಿಕಗಳು, ತಟ್ಟೆಗಳು, ಮುಕ್ಕಾಲಿ. ಕೂಲಿಯಾಳುಗಳ ಹೆಗಲಿಲ್ಲದೆ ಆ ಕೆಲಸ ನಡೆದಿರಲಾರದು. ಅವನು ತೆಗೆದ ಕಲ್ಲಿನ ರಥದ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರ ಎದ್ದು ನಿಂತಿದೆ! ಆ ಬಳಿಕ ಅದನ್ನು ತೆಗೆದುಹಾಕಲಾಯಿತು. ಇಂದು ಅಲ್ಲಿ ನಿಂತವನಿಗೆ ಶಿಖರವಿತ್ತೆಂಬ ಊಹೆಯೂ ಬಾರದು. ಶತಮಾನ ಕಳೆದ ಮೇಲೆ, ೧೯೮೩ರಲ್ಲಿ, ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕರು ಗ್ರೀನ್‌ಲಾ ನಿಂತ ತಾಣಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಉಳಿದುದೇನು, ಅಳಿದುದೇನು ಎಂಬುದು ತಾನೇ ತಿಳಿಯುತ್ತದೆ.

ಒಬ್ಬನು ಪೆಟ್ಟಿಗೆ ಹೊರಿಸಿಕೊಂಡು ಬಂದು ಶಿಖರವನ್ನು ನಮಗೆ ಉಳಿಸಿಕೊಟ್ಟ. ನಾವು ಆರು ಕಿಲೋ ಚೀಲವನ್ನು ಬಿಟ್ಟು ಹೋಗಿ ಒಬ್ಬ ವೀರನ ಹೆಸರನ್ನು ಕಳೆದೆವು. ರಥದ ಮುಂದೆ ನಿಂತು ಈ ಮಾತು ಮನಸ್ಸಿಗೆ ಬಂದಾಗ ಕಣ್ಣು ತೇವವಾದುದನ್ನು ಮುಚ್ಚಿಡುವುದಿಲ್ಲ.

ಮಹಾಮಂಟಪದ ಒಳಗೆ ನಮ್ಮ ಆಯ್ಕೆಯ ಮಿತಿಯೂ ಗೋಚರವಾಯಿತು. ಸಂರಕ್ಷಿತ ಸ್ಮಾರಕಗಳಲ್ಲಿ ಮುಕ್ಕಾಲಿ ಇಡಲು ಪೂರ್ವಾನುಮತಿ ಬೇಕು. ನಾವು ಅದನ್ನು ಒಯ್ದಿರಲೂ ಇಲ್ಲ. ಹಗುರವಾದ ಮಸೂರ ಒಳಬಿಡುವ ಬೆಳಕೂ ಕಡಿಮೆ. ಹಗುರವೆಂಬ ಗುಣಕ್ಕೆ ತೆರಬೇಕಾದ ಸುಂಕ ಅದು. ಅದಕ್ಕೆ ಎರಡು ಉಪಾಯ ಮಾಡಿದೆವು. ಐಎಸ್‌ಒ ಎಂಬ ಸಂಖ್ಯೆಯನ್ನು ೧೬೦೦, ೩೨೦೦ರವರೆಗೆ ಏರಿಸಿದೆವು. ಚಿತ್ರದಲ್ಲಿ ಸ್ವಲ್ಪ ರವೆ ಉದುರಿದಂತೆ ಕಂಡರೂ ಅಲುಗಾಡಿ ಕೆಡುವುದಕ್ಕಿಂತ ಅದು ಲೇಸು. ಜೊತೆಗೆ ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು ಗುಂಡಿ ಒತ್ತಿದೆವು. ಮಸೂರದ ಅಗಲ ಸಾಲದಾದ ಕಡೆ ಒಂದರ ಅಂಚನ್ನು ಇನ್ನೊಂದು ತುಸು ಮುಚ್ಚುವಂತೆ ಮೂರು ಚಿತ್ರ ತೆಗೆದು, ಮನೆಗೆ ಬಂದ ಮೇಲೆ ಮೊಮ್ಮಗಳಿಂದ ಹೊಂದಿಸಿದೆವು. ಇದೇ ಕ್ಯಾಮರಾಕ್ಕೆ ಕೂಡುವ ೧೦–೧೮ ಅಳತೆಯ ಅಗಲ ನೋಟದ ಮಸೂರವೊಂದುಂಟು, ತೂಕ ೧೫೦ ಗ್ರಾಂ ಮಾತ್ರ. ಆದರೆ ಎಳೆದ ಗೆರೆಯನ್ನು ದಾಟಬಾರದಲ್ಲ! ಇದ್ದುದರಲ್ಲಿ ನಡೆಸುವುದೂ ಒಂದು ವಿದ್ಯೆಯೇ.

ಮೂರನೆಯ ದಿನ ಬೆಳಗಿನ ಜಾವ ಮಾತಂಗ ಪರ್ವತ. ಮೆಟ್ಟಿಲುಗಳು ಕಡಿದು, ಕೆಲವೆಡೆ ಬಂಡೆಯನ್ನು ಕೈಯಿಂದ ಹಿಡಿದೇ ಏರಬೇಕು. ಹತ್ತು ವರ್ಷಗಳಿಂದ ಇದನ್ನು ಹತ್ತುವ ಆಸೆಯನ್ನೇ ಬಿಟ್ಟಿದ್ದೆವು. ಕ್ಯಾಮರಾವನ್ನು ಪಟ್ಟಿಯಿಂದ ಎದೆಗೆ ಅಡ್ಡಲಾಗಿ ಹಾಕಿಕೊಂಡು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯನ್ನು ಮೊಮ್ಮಗಳ ಭುಜದ ಮೇಲಿಟ್ಟು ಮೆಲ್ಲಮೆಲ್ಲನೆ ಏರಿದೆವು. ಮೇಲೆ ನಿಂತಾಗ ಕೆಳಗೆ ಅಚ್ಯುತರಾಯನ ದೇವಾಲಯ, ಅದರ ಮುಂದಿನ ಬೀದಿ, ಬಂಡೆಗಳ ನಡುವೆ ಬಳುಕುವ ತುಂಗಭದ್ರೆ, ಬಾಳೆತೋಟಗಳ ಹಸಿರು, ಎಲ್ಲದರ ಮೇಲೂ ತೆಳ್ಳನೆಯ ಮಂಜು. ಮೊದಲ ಬಿಸಿಲು ಬಂಡೆಗಳಿಗೆ ತಗಲಿದಾಗ ಮೂರೋ ನಾಲ್ಕೋ ಚಿತ್ರ ತೆಗೆದು ಕ್ಯಾಮರಾ ಕೆಳಗಿಟ್ಟೆವು. ಎಲ್ಲವನ್ನೂ ಯಂತ್ರಕ್ಕೇ ಒಪ್ಪಿಸಿದರೆ ಕಣ್ಣಿಗೆ ಏನು ಉಳಿಯಿತು?

ಹಿಂದಿರುಗುವಾಗ ದಾರಿ ತಪ್ಪಿಸಿ ಆ ಹಳೆಯ ಗ್ರಾಮಕ್ಕೆ ಹೋದೆವು. ಬೇವಿನ ಮರ ಇದೆ; ಕಟ್ಟೆ ಇದೆ; ಕಲ್ಲಿಗೆ ಬಣ್ಣ ಬಳಿದದ್ದು ಹಾಗೆಯೇ ಇದೆ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನಮ್ಮ ಮಾತು ಕೇಳಿ ನೊಂದುಕೊಂಡರು. “ಭಕ್ತಿಯಿಂದ ಹಚ್ಚೀವ್ರಿ, ಕೆಡಸಬೇಕಂತ ಅಲ್ಲ” ಎಂದರು. ಅವರನ್ನು ಆಕ್ಷೇಪಿಸುವ ಅಧಿಕಾರ ನಮಗೆಲ್ಲಿದೆ? ಅವರು ಬಣ್ಣ ಬಳಿಯುವ ಮುನ್ನ ಆರು ವರ್ಷದ ಅವಕಾಶ ನಮಗಿತ್ತು. ಬಣ್ಣವನ್ನು ಕೆರೆಯಲು ಹೋದರೆ ಅಕ್ಷರವೂ ಏಳಬಹುದು. ಅದು ಬಲ್ಲವರು ಮಾಡಬೇಕಾದ ಕೆಲಸ. ಆದ್ದರಿಂದ ಕತ್ತಲಾಗುವವರೆಗೆ ಕಾದೆವು. ಮೊಮ್ಮಗಳು ತನ್ನ ಫೋನಿನ ದೀಪ ಹೊತ್ತಿಸಿ, ಕಲ್ಲಿನ ಮೈಗೆ ತಾಗಿದಂತೆ ಪಕ್ಕದಿಂದ ಹಿಡಿದಳು. ಕ್ಯಾಮರಾವನ್ನು ಕಟ್ಟೆಯ ಮೇಲೆ ಮಡಿಸಿಟ್ಟ ಟವೆಲಿನ ಮೇಲೆ ಕೂಡಿಸಿ, ದೀಪವನ್ನು ಎಡದಿಂದ, ಬಲದಿಂದ, ಮೇಲಿನಿಂದ ಹಿಡಿಸುತ್ತ ಒಂದಾದ ಮೇಲೊಂದು ಚಿತ್ರ ತೆಗೆದೆವು. ಫೋನು ಬೇಡವೆಂದಿದ್ದ ನಮಗೆ ಫೋನೇ ದೀವಿಗೆಯಾಯಿತು.

ಮನೆಗೆ ಬಂದು, ತೀಡದ ಕಚ್ಚಾ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ ಬಣ್ಣದ ಪದರದ ಅಡಿಯಿಂದ ಮೇಲಿನ ಪಟ್ಟಿಕೆಯ ತಗ್ಗುಗಳು ಒಂದೊಂದಾಗಿ ಎದ್ದವು. ಮೊದಲ ಅರ್ಧ ಪೂರ್ತಿ ಅಳಿಸಿದೆ. ಪಟ್ಟಿಕೆಯ ಕೊನೆಯಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಓದಲು ಬರುವುದು ಇಷ್ಟು: ‘ಗವುಂಡನ ಮಗಂ’. ಊರಗೌಡನೊಬ್ಬನ ಮಗ. ಅಲ್ಲಿಗೆ ಪಟ್ಟಿಕೆ ಮುಗಿಯುತ್ತದೆ. ಮಗನ ಹೆಸರು ಕೆಳಗಿನ ಪಟ್ಟಿಕೆಯ ಆರಂಭದಲ್ಲಿದೆ. ಆ ಪಟ್ಟಿಕೆ ಸಿಮೆಂಟಿನೊಳಗಿದೆ. ೧೯೯೭ರ ಟಿಪ್ಪಣಿ ಪುಸ್ತಕವನ್ನು ತೆರೆದು ಅದರ ಮುಂದೆ ಇದನ್ನು ಬರೆದೆವು: ಗವುಂಡನ ಮಗ, ನಡುವೆ ಖಾಲಿ ಜಾಗ, ತುಱುವಂ ಮಗುಳ್ಚಿ. ಚಿತ್ರದ ಒಂದು ಪ್ರತಿಯನ್ನು ಆ ಊರಿನ ಶಾಲೆಗೆ ಕಳುಹಿಸಿದ್ದೇವೆ.

ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಕ್ಯಾಮರಾ ಕೊಳ್ಳುವ ಮೊದಲು ನಿಮ್ಮ ಹಣದ ಮಿತಿಯನ್ನೂ ಹೆಗಲಿನ ಮಿತಿಯನ್ನೂ ಬರೆದುಕೊಳ್ಳಿರಿ. ಅಂಗಡಿಯ ದೀಪದಲ್ಲಿ ನೋಡಿ ಮೆಚ್ಚದೆ ಬಿಸಿಲಿಗೆ ತಂದು ನೋಡಿರಿ. ಮಸೂರದ ತೂಕವನ್ನೂ ಸೇರಿಸಿಯೇ ತೂಗಿರಿ. ಫೋನು ಸಾಕಾಗುವವರು ಫೋನನ್ನೇ ಬಳಸಿರಿ; ಅದರಲ್ಲಿ ಕೀಳರಿಮೆ ಬೇಡ. ಯಾವುದೇ ಆಗಲಿ, ಮನೆಯಲ್ಲಿ ಬಿಟ್ಟು ಹೋಗಬೇಕೆನಿಸದಷ್ಟು ಹಗುರವಾಗಿರಲಿ. ನಿಮ್ಮೂರ ಅಗಸೆಯ ಕಲ್ಲು, ಹಳೆಯ ಮನೆಯ ತೊಲೆಬಾಗಿಲು, ಅಜ್ಜಿ ಬೀಸುವ ಕಲ್ಲು, ಅಜ್ಜಿಯ ಮುಖ, ಇವುಗಳ ಚಿತ್ರ ತೆಗೆದು, ಊರು ದಿನಾಂಕ ಬರೆದು, ಎರಡು ಕಡೆ ಪ್ರತಿ ಇಡಿರಿ. ಕಲ್ಲು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಅನ್ನಬೇಡಿರಿ. ಒಮ್ಮೆ ಹಾಗೆ ಅಂದುದರ ಫಲವಾಗಿ ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಒಬ್ಬ ವೀರನ ಹೆಸರಿನ ಜಾಗ ಇಂದಿಗೂ ಖಾಲಿಯಾಗಿದೆ.